ಮುಂಬಯಿಯಲ್ಲಿ ಕೂತು ರಾಜಕೀಯ ವಿಡಂಬನೆಯ ಕತೆ ಬರೆಯುವುದು ಹೇಗೆ?

ವಿಡಂಬನೆ ಬರೆಯಲು ಕೂತವರು ಮೊದಲು ಮಂತ್ರಿಯನ್ನೇ ಹಿಡಿದುಕೊಳ್ಳುತ್ತಾರೆ. ಬೇಡ. ಮಂತ್ರಿಯನ್ನು ಬೈಯಲು ಪೇಪರಿದೆ, ಟಿವಿಯಿದೆ, ವಾಟ್ಸಾಪ್ ಇದೆ. ಕತೆಗೆ ಬೇಕಾದವನು, ಆ ಮಂತ್ರಿ ಪಕ್ಷ ಬದಲಿಸಿದ್ದಕ್ಕೆ ಇವತ್ತು ರಾತ್ರಿ ನಿದ್ದೆಗೆಡಬೇಕಾದವನು.

ಮಾಟುಂಗಾದಲ್ಲೊಂದು ಫ್ಲೆಕ್ಸ್ ಅಂಗಡಿ, ಕಂಪ್ಯೂಟರ್ ಮುಂದೆ ನಮ್ಮೂರ ಕಡೆಯ ಹುಡುಗ ಅಂತಿಟ್ಟುಕೊಳ್ಳಿ. 2022ರ ಜೂನ್‌ನಲ್ಲಿ ಶಿವಸೇನೆ ಒಡೆಯಿತು, ಶಾಸಕರು ಸೂರತ್‌ಗೆ, ಅಲ್ಲಿಂದ ಗುವಾಹಟಿಗೆ ಹೋದರು, ಸರ್ಕಾರವೇ ಬಿತ್ತು, ಮರುವರ್ಷ ಎನ್‌ಸಿಪಿಯೂ ಒಡೆಯಿತು. ಇದನ್ನೆಲ್ಲ ಕತೆಯಲ್ಲಿ ವಿವರಿಸಬೇಡಿ, ಓದುಗರಿಗೆ ಗೊತ್ತಿದೆ. ಹುಡುಗನ ಸ್ಕ್ರೀನ್ ತೋರಿಸಿ. ಹುಟ್ಟುಹಬ್ಬದ ಬ್ಯಾನರ್. ಮೇಲೆ ದೊಡ್ಡ ನಾಯಕರು, ಕೆಳಗೆ ಸಾಲಾಗಿ ಕಾರ್ಯಕರ್ತರ ಪುಟ್ಟ ಮುಖಗಳು, ನಡುವೆ ಕೈಮುಗಿದು ನಿಂತ ‘ಭಾವಿ ನಗರಸೇವಕ’, ಅಂದರೆ ಮುಂದೆ ಕಾರ್ಪೊರೇಟರ್ ಆಗುವ ಆಸೆಯವನು. ಸಂಜೆ ಫೋನ್ ಬರುತ್ತದೆ, ಮೇಲಿನ ಫೋಟೋ ತೆಗೆ ಅಂತ.

‘ಯಾರ ಫೋಟೋ ಹಾಕ್ಲಿ ಸಾಹೇಬ್ರೇ?’

‘ಬೆಳಿಗ್ಗೆ ಹೇಳ್ತೀನಿ. ಎರಡೂ ಮಾಡಿಟ್ಟಿರು.’

ಇಲ್ಲಿ ನಿಲ್ಲಿಸಿ. ‘ಇದೇ ನಮ್ಮ ಪ್ರಜಾಪ್ರಭುತ್ವ’ ಅಂತ ಒಂದು ಸಾಲು ಸೇರಿಸಿದರೆ ಕತೆ ಸತ್ತಂತೆ. ಹುಡುಗನೂ ಜೋಕ್ ಮಾಡಬಾರದು. ಯಾರ ಮುಖ ಎಷ್ಟು ದೊಡ್ಡದಿರಬೇಕು ಅನ್ನುವುದು ಅವನಿಗೆ ನಿಜವಾದ ಚಿಂತೆ, ಯಾಕೆಂದರೆ ತಪ್ಪಾದರೆ ದುಡ್ಡು ಬರುವುದಿಲ್ಲ.

ಉತ್ಪ್ರೇಕ್ಷೆಗೆ ಅವಸರ ಬೇಡ. ಮುಂಬಯಿ ಪಾಲಿಕೆಯ 227 ನಗರಸೇವಕರ ಅವಧಿ 2022ರ ಮಾರ್ಚ್‌ನಲ್ಲೇ ಮುಗಿಯಿತು, ಮುಂದಿನ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ಅಲ್ಲಿಯವರೆಗೆ ಆಡಳಿತಾಧಿಕಾರಿಯ ಕಾರುಬಾರು. ಅಷ್ಟೂ ವರ್ಷ ನಮ್ಮ ಬ್ಯಾನರಿನವನು ‘ಭಾವಿ’ಯಾಗಿಯೇ ಉಳಿದ, ಗಲ್ಲಿಯ ನೀರಿನ ದೂರು ಯಾರಿಗೆ ಕೊಡಬೇಕೋ ಜನಕ್ಕೆ ತಿಳಿಯಲಿಲ್ಲ. ಇದನ್ನು ಇದ್ದ ಹಾಗೇ ಬರೆದರೆ ಸಾಕು, ಅಲ್ವಾ? ನನಗೆ ನಗುವಿಗಿಂತ ಸಿಟ್ಟೇ ಜಾಸ್ತಿ ಬರುವುದು ಇಂಥ ಕಡೆ.

ಇನ್ನೊಂದು ಮಾತು ಮುಂಬಯಿ ಕನ್ನಡಿಗರಿಗೇ. ಕೆಟ್ಟವರೆಲ್ಲ ಮರಾಠಿಯವರು, ಪಾಪದವರೆಲ್ಲ ನಾವು ಅಂತ ಬರೆಯಬೇಡಿ, ಅದು ಸುಳ್ಳು. ಎರಡೂ ಬಣಕ್ಕೆ ಚಂದಾ ಕೊಟ್ಟು ಎರಡೂ ಬ್ಯಾನರಿನಲ್ಲಿ ನಗುವ ಹೋಟೆಲ್ ಮಾಲೀಕ ನಮ್ಮವನೇ ಆಗಿರಲಿ.

ಕಾನೂನಿನ ವಿಷಯ ಚುಟುಕಾಗಿ: ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಸುಮ್ನೆ ಹೆಸರು ಬದಲಿಸಿದರೆ ಸಾಲದು, ಓದಿದವರಿಗೆ ಇಂಥವರೇ ಅಂತ ಗೊತ್ತಾದರೆ ಕೇಸ್ ಹಾಕಬಹುದು. ಹಾಗಾಗಿ ವಾರ್ಡ್, ಪಕ್ಷ, ಮನೆತನ ಎಲ್ಲ ಬದಲಿಸಿ. ಬ್ಯಾನರ್ ಮಾತ್ರ ಇದ್ದ ಹಾಗೇ ಇರಲಿ.