ಹೊಟ್ಟಿನ ಬೂದಿಯ ಬಿಳಿ ಗ್ಲೇಜ್: ಮಶಿಕೊದಲ್ಲಿ ನನ್ನ ಅನುಭವ

ಮಶಿಕೊ ಪಾತ್ರೆ ಅಂದರೆ ಜಪಾನಿನಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಾಕಿ ಎಂಬ ಗ್ಲೇಜಿನ (ಮಣ್ಣಿನ ಪಾತ್ರೆಗೆ ಹಚ್ಚಿ ಸುಟ್ಟಾಗ ಗಾಜಾಗುವ ಲೇಪ) ಕಂದುಗೆಂಪು. ನನಗೆ ಹಿಡಿಸಿದ್ದು ಅಲ್ಲಿನ ಬಿಳಿ, ಅಂದರೆ ನುಕಾ. ಅದು ಹುಟ್ಟುವುದು ಭತ್ತದ ಹೊಟ್ಟಿನ ಬೂದಿಯಿಂದ. ನಮ್ಮ ಅಕ್ಕಿ ಗಿರಣಿಗಳ ಹಿಂದೆ ರಾಶಿ ಬೀಳುತ್ತಲ್ಲ, ಅದೇ ಹೊಟ್ಟು.

ಮಶಿಕೊ ಇರುವುದು ಟೋಕಿಯೊದ ಉತ್ತರಕ್ಕೆ, ತೊಚಿಗಿ ಪ್ರಾಂತ್ಯದಲ್ಲಿ. 1850ರ ದಶಕದಲ್ಲಿ ಇಲ್ಲಿ ಕುಂಬಾರಿಕೆ ಶುರುವಾಯಿತು. ಮೊದಲೆಲ್ಲ ಮಾಡುತ್ತಿದ್ದುದು ನೀರಿನ ಹೂಜಿ, ಭರಣಿಯಂಥ ಅಡುಗೆಮನೆ ಸಾಮಾನು. 1924ರಲ್ಲಿ ಕುಂಬಾರ ಹಮಾದಾ ಶೋಜಿ ಬಂದ ಮೇಲೆ ಊರಿನ ಹೆಸರು ಹೊರದೇಶಕ್ಕೂ ಮುಟ್ಟಿತು. ಅವರು ನೆಚ್ಚಿಕೊಂಡದ್ದು ಅಲ್ಲೇ ಸಿಗುವ ಮಣ್ಣು, ಕಲ್ಲು, ಬೂದಿಯನ್ನು. ಕಾಕಿಗೆ ಅಲ್ಲಿನ ಅಶಿನುಮಾ ಕಲ್ಲಿನ ಪುಡಿಯೇ ಸಾಕು. ನುಕಾ ಅಷ್ಟು ಸಲೀಸಲ್ಲ.

ಹೊಟ್ಟನ್ನು ನಿಧಾನಕ್ಕೆ ಸುಡುತ್ತೇನೆ. ಬೂದಿಯಲ್ಲಿ ಕಪ್ಪು ಉಳಿದರೂ ಚಿಂತೆಯಿಲ್ಲ, ಆವಿಗೆಯಲ್ಲಿ ಉರಿದುಹೋಗುತ್ತದೆ. ಆದರೆ ಅದನ್ನು ನುಣ್ಣಗೆ ಅರೆಯಲೇಬೇಕು. ಕಟ್ಟಿಗೆ ಬೂದಿಯನ್ನು ಬೇರೆಯಾಗಿ ನೆನೆಸಿ, ಮೇಲಿನ ತಿಳಿ ಚೆಲ್ಲಿ, ಮತ್ತೆ ನೀರು ಹಾಕುತ್ತೇನೆ. ತಿಳಿಯ ಹಳದಿ ಹೋಗುವವರೆಗೂ ಇದೇ ಕೆಲಸ. ಆ ನೀರು ಚರ್ಮ ಸುಡುತ್ತದೆ, ಕೈಗವಸು ಬೇಕೇ ಬೇಕು. ಆಮೇಲೆ ಎರಡೂ ಬೂದಿ, ಫೆಲ್ಡ್‌ಸ್ಪಾರ್ ಎಂಬ ಕಲ್ಲಿನ ಪುಡಿ, ಮೂರನ್ನೂ ಒಣತೂಕದಲ್ಲಿ ಸಮಸಮ ಬೆರೆಸಿ ಜರಡಿ ಹಿಡಿಯುತ್ತೇನೆ.

ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ. ಅಷ್ಟು ಸಿಲಿಕಾ ಸೇರಿದ ಗಾಜು ಪೂರ್ತಿ ತಿಳಿಯಾಗುವುದಿಲ್ಲ, ಹಾಲಿನ ಹಾಗೆ ಮಬ್ಬಾಗುತ್ತದೆ. ಅದನ್ನು ಕರಗಿಸುವುದು ಕಟ್ಟಿಗೆ ಬೂದಿಯ ಸುಣ್ಣದ ಅಂಶ. ನಾನು ಸುಮಾರು 1250 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಡುತ್ತೇನೆ.

ಉಳಿದದ್ದೆಲ್ಲ ದಪ್ಪದ ಮೇಲೆ. ತೆಳುವಾದರೆ ಬೂದುಬಣ್ಣ, ಸುಮ್ನೆ ಕೊಳಕು ಕಾಣುತ್ತದೆ. ಜಾಸ್ತಿ ಆದರೆ ಇಳಿದು ಆವಿಗೆಯ ಹಲಗೆಗೆ ಅಂಟುತ್ತದೆ. ಅದಕ್ಕೇ ಒಂದು ಸಲ ಸುಟ್ಟ ಬಟ್ಟಲನ್ನು ಪಾದ ಹಿಡಿದು ಅದ್ದಿ, ಒಣಗಿದ ಮೇಲೆ ಸೂಜಿಯಿಂದ ಗೀರಿ ದಪ್ಪ ನೋಡುತ್ತೇನೆ. ಸರಿಯಾಗಿ ಬಂದ ಬಟ್ಟಲಿನ ಬಾಯಂಚಲ್ಲಿ ಗ್ಲೇಜ್ ಕೆಳಗೆ ಸರಿದು ಮಣ್ಣಿನ ಕಂದುಗೆರೆ ಇಣುಕುತ್ತದೆ. ಬೆರಳಿನ ಗೀರುಗಳಲ್ಲಿ ಅದು ನಿಂತು ಇನ್ನೂ ಬೆಳ್ಳಗಾಗುತ್ತದೆ. ಈ ಎರಡು ಜಾಗ ನೋಡುವುದೇ ನನಗೆ ದೊಡ್ಡ ಖುಷಿ. ಜಪಾನಿನದೇ ಕ್ಯೂಶೂ ದ್ವೀಪದ ಕರತ್ಸು ಊರಿನಲ್ಲಿ ಹುಲ್ಲಿನ ಬೂದಿಯ ಬಿಳಿಗೆ ಮಣ್ಣಿನ ಕಬ್ಬಿಣ ಸೇರಿ ಅಲ್ಲಲ್ಲಿ ನೀಲಿ ಚುಕ್ಕೆ ಏಳುತ್ತವೆ. ಅದೂ ಚೆಂದವೇ, ಆದರೆ ನನಗೆ ಮಶಿಕೊದ ಗಟ್ಟಿ ಬಿಳಿಯೇ ಇಷ್ಟ.

ಇದೇ ನುಕಾಗೆ ಸ್ವಲ್ಪ ತಾಮ್ರ ಸೇರಿಸಿದರೆ ಮಶಿಕೊದ ಹಸಿರು ಸಿಗುತ್ತದೆ. ಆಗ ಆವಿಗೆಯೊಳಗೆ ಗಾಳಿ ಚೆನ್ನಾಗಿ ಆಡಬೇಕು. ಉಸಿರುಗಟ್ಟಿದರೆ ತಾಮ್ರ ಕೆಂಪಿಗೆ ತಿರುಗುತ್ತದೆ.