ಫಲಕವಿರುವ ಮರದಿಂದ ಫಲಕವಿಲ್ಲದ ಕಾಡಿಗೆ

ಮಂಗಳೂರಿನ ಆಸುಪಾಸಿನಲ್ಲಿ ಮರಗಿಡಗಳನ್ನು ನೋಡಿ ಕಲಿಯಬೇಕೆನ್ನುವವರಿಗೆ ಎರಡು ಬಗೆಯ ಜಾಗಗಳಿವೆ. ಒಂದು, ಮರಕ್ಕೊಂದು ಹೆಸರಿನ ಫಲಕವಿರುವ ಉದ್ಯಾನಗಳು. ಇನ್ನೊಂದು, ಯಾವ ಫಲಕವೂ ಇಲ್ಲದ ಘಟ್ಟದ ಬುಡದ ಕಾಡುಗಳು. ರಜೆ ಸಿಕ್ಕೊಡನೆ ಹೆಚ್ಚಿನವರು ನೇರವಾಗಿ ಎರಡನೆಯದಕ್ಕೇ ಹೋಗುತ್ತಾರೆ. ಅಲ್ಲಿ ಎಲ್ಲವೂ ಒಂದೇ ಹಸಿರಾಗಿ ಕಾಣುವುದರಿಂದ ಜಲಪಾತದ ಮುಂದೆ ಫೋಟೋ ತೆಗೆಸಿಕೊಂಡು ಹಿಂದಿರುಗುತ್ತಾರೆ. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವ ನಾನು ಇದನ್ನು ತಿರುಗಿಸಿ, ಉದ್ಯಾನದಲ್ಲಿ ಮರದ ಗುರುತು ಮಾಡಿಕೊಂಡ ಮೇಲೆಯೇ ಕಾಡಿಗೆ ಹೋಗುವ ಕ್ರಮವನ್ನು ಇಟ್ಟುಕೊಂಡಿದ್ದೇನೆ.

ನನ್ನ ಪಾಠಶಾಲೆ ವಾಮಂಜೂರಿನ ಬಳಿಯ ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮ. ಗುರುಪುರ ನದಿಯ ಸಮೀಪ ಮುರಕಲ್ಲಿನ ಗುಡ್ಡದ ಮೇಲೆ ಸುಮಾರು 370 ಎಕರೆಯಲ್ಲಿ ಹರಡಿರುವ ಈ ಜಾಗಕ್ಕೆ ಬರುವವರು ಹುಲಿ, ಕಾಳಿಂಗ ಸರ್ಪಗಳಿರುವ ಮೃಗಾಲಯ, ತುಳುನಾಡಿನ ಹಳೆಯ ಜಮೀನ್ದಾರಿ ಮನೆತನದ ಮಾದರಿಯ ಗುತ್ತಿನ ಮನೆ, ತಾರಾಲಯ ಇವಿಷ್ಟನ್ನು ನೋಡಿಯೇ ದಣಿಯುತ್ತಾರೆ. ಪಶ್ಚಿಮ ಘಟ್ಟದ ಮರಗಳನ್ನು ತಂದು ಬೆಳೆಸಿರುವ ಸಸ್ಯವನದ ಕಡೆಗೆ ಬರುವವರು ಕಡಿಮೆ, ಅದು ನನ್ನಂಥವರಿಗೆ ಒಳ್ಳೆಯದೇ ಆಯಿತು. ಮೃಗಾಲಯವನ್ನೂ ಸಸ್ಯವನವನ್ನೂ ಒಂದೇ ದಿನ ನೋಡಿ ಮುಗಿಸಲು ಹೋಗಬಾರದು. ಮಕ್ಕಳು ಜೊತೆಗಿದ್ದರೆ ಹುಲಿಯ ಮುಂದೆ ಯಾವ ಮರವೂ ಗೆಲ್ಲುವುದಿಲ್ಲ.

ಒಂದು ಭೇಟಿಗೆ ನಾಲ್ಕೈದಕ್ಕಿಂತ ಹೆಚ್ಚು ಮರಗಳನ್ನು ನಾನು ಆರಿಸಿಕೊಳ್ಳುವುದಿಲ್ಲ. ಆರಿಸುವಾಗಲೂ ಅಪರೂಪದ್ದನ್ನು ಹುಡುಕದೆ, ನಮ್ಮ ಬದುಕಿಗೆ ಹೊಂದಿಕೊಂಡ ಮರಗಳಿಂದ ಆರಂಭಿಸುತ್ತೇನೆ. ಉದಾಹರಣೆಗೆ ಹಾಲೆಮರ, ಅಂದರೆ ತುಳುವರ ಪಾಲೆ. ತುಳುವರ ಮಳೆಗಾಲದ ತಿಂಗಳಾದ ಆಟಿಯ ಅಮಾವಾಸ್ಯೆಯ ನಸುಕಿನಲ್ಲಿ ಇದರ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಮಾಡಿ ಕುಡಿಯುವುದು ನಮ್ಮಲ್ಲಿ ಇಂದಿಗೂ ನಡೆದುಬಂದಿದೆ. ಕತ್ತಲಲ್ಲಿ ತೊಗಟೆ ತರಲು ಹೋಗುವವರು ಹಾಲೆಯೆಂದು ಕಾಸರಕನ ತೊಗಟೆ ತಂದರೆ ಅದು ಪ್ರಾಣಕ್ಕೇ ಎರವಾಗಬಹುದು, ಏಕೆಂದರೆ ಕಾಸರಕನಲ್ಲಿರುವುದು ಸ್ಟ್ರಿಕ್ನಿನ್ ಎಂಬ ಉಗ್ರ ವಿಷ. ಆದ್ದರಿಂದ ಈ ಎರಡು ಮರಗಳನ್ನು ಹಗಲಿನಲ್ಲಿ, ಬಿಡುವಾಗಿ ನಿಂತು ನೋಡುವುದು ಕೇವಲ ಹವ್ಯಾಸದ ಮಾತಲ್ಲ. ಹಾಲೆಯ ಎಲೆಗಳು ಕೊಂಬೆಯ ಒಂದೇ ಗಿಣ್ಣಿನ ಸುತ್ತ ಐದು, ಆರು, ಏಳರಂತೆ ಕೊಡೆಯ ಕಡ್ಡಿಗಳ ಹಾಗೆ ಹರಡಿಕೊಂಡಿರುತ್ತವೆ. ಉದುರಿದ ಹಸಿ ಎಲೆಯ ತೊಟ್ಟನ್ನು ಮುರಿದರೆ ಬಿಳಿಯ ಹಾಲು ಒಸರುತ್ತದೆ. ಕಾಸರಕನ ಎಲೆಗಳು ಎರಡೆರಡಾಗಿ ಎದುರುಬದುರು ಇದ್ದು ಹೊಳೆಯುತ್ತವೆ, ಬುಡದಿಂದಲೇ ಮೂರು ಅಥವಾ ಐದು ನರಗಳು ಎದ್ದು ಕಾಣುವಂತೆ ಹೊರಡುತ್ತವೆ, ಮುರಿದರೆ ಹಾಲು ಬರುವುದಿಲ್ಲ. ಹಣ್ಣು ಗುಂಡಗೆ, ಕಿತ್ತಳೆ ಬಣ್ಣದ್ದು. ಇಷ್ಟನ್ನು ಒಮ್ಮೆ ಕಣ್ಣಾರೆ ಕಂಡ ವಿದ್ಯಾರ್ಥಿಗಳು ಮತ್ತೆ ತಪ್ಪುವುದಿಲ್ಲ. ಆದರೂ ಮನೆಯ ಹಿರಿಯರಲ್ಲಿ ಮರವನ್ನು ಚೆನ್ನಾಗಿ ಬಲ್ಲವರು ಜೊತೆಗಿಲ್ಲದೆ ತೊಗಟೆಗೆ ಕೈಹಾಕಬಾರದೆಂದೇ ನಾನು ಅವರಿಗೆ ಹೇಳುವುದು.

ಎರಡನೆಯ ರೂಢಿ, ಅದೇ ಮರವನ್ನು ಬೇರೆಬೇರೆ ಕಾಲದಲ್ಲಿ ಹೋಗಿ ನೋಡುವುದು. ಕರಾವಳಿಯ ರಸ್ತೆಬದಿಯಲ್ಲಿ ಹಿಂದಿನವರು ಸಾಲಾಗಿ ನೆಟ್ಟ ಧೂಪದ ಮರವನ್ನು ಬೇಸಿಗೆಯ ಮೊದಲಲ್ಲಿ ನೋಡಿದರೆ ಬಿಳಿಯ ಹೂಗೊಂಚಲುಗಳಿಂದ ಗುರುತಿಸಬಹುದು. ಚಿಗುರಿನ ಹೊತ್ತಿಗೆ ಎಳೆಯ ಎಲೆಗಳ ಕೆಂಪಿನಿಂದ ಅದು ದೂರಕ್ಕೇ ಗೊತ್ತಾಗುತ್ತದೆ. ಇದರ ಬೀಜಗಳು ಮಳೆಗಾಲದ ಆರಂಭದಲ್ಲಿ ಉದುರುತ್ತವೆ ಮತ್ತು ಒಣಗಿಸಿ ಕೂಡಿಟ್ಟರೆ ಮೊಳೆಯುವ ಶಕ್ತಿಯನ್ನು ಬೇಗನೆ ಕಳೆದುಕೊಳ್ಳುತ್ತವೆ. ಬೀಜ ಬಿದ್ದ ಕೂಡಲೇ ಹಸಿ ನೆಲ ಸಿಗಬೇಕು, ಮೇಲೆ ನೆರಳಿರಬೇಕು. ರಸ್ತೆ ಅಗಲ ಮಾಡುವಾಗ ಕಡಿದ ಧೂಪಗಳ ಜಾಗದಲ್ಲಿ ತಾನಾಗಿ ಹೊಸ ಧೂಪ ಏಳದಿರುವುದೇಕೆಂದು ಕೇಳುವ ಮಕ್ಕಳಿಗೆ ಡಾಂಬರಿನ ಅಂಚಿನ ಬಿಸಿಲನ್ನು ತೋರಿಸಿದರೆ ಸಾಕು.

ನಗರದೊಳಗಿನ ಕದ್ರಿ ಪಾರ್ಕ್ ಸಂಜೆಯ ನಡಿಗೆಗೂ ಜನವರಿಯ ಫಲಪುಷ್ಪ ಪ್ರದರ್ಶನಕ್ಕೂ ಚೆನ್ನ. ಕಾಡಿನ ಮರ ಕಲಿಯಲು ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ. ತಣ್ಣೀರುಬಾವಿಯ ವೃಕ್ಷೋದ್ಯಾನ ಕಡಲಿನ ಮಗ್ಗುಲಲ್ಲೇ ಇರುವುದರಿಂದ ಮರಳಿನಲ್ಲಿ, ಉಪ್ಪುಗಾಳಿಯಲ್ಲಿ ಯಾವ ಮರ ನಿಲ್ಲುತ್ತದೆ ಎಂಬುದನ್ನು ತಿಳಿಯಲು ಒಂದು ಬೆಳಗ್ಗೆ ಹೋಗಿಬರಬಹುದು.

ಇಷ್ಟಾದ ಮೇಲೆ ಕಾಡು. ನಾನು ಹೆಚ್ಚಾಗಿ ಹೋಗುವುದು ಹೆಬ್ರಿಯ ಆಚೆಗಿನ ಸೋಮೇಶ್ವರಕ್ಕೆ. 1974ರಲ್ಲಿ ಘೋಷಣೆಯಾದ ಈ ವನ್ಯಜೀವಿ ಧಾಮ ಆಗುಂಬೆ ಘಾಟಿಯ ಬುಡದಲ್ಲಿದೆ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಕುದುರೆಮುಖದೊಂದಿಗೆ ಇದೂ ಒಂದು. ಉಡುಪಿಯಿಂದ ಆಗುಂಬೆಯ ಕಡೆಗೆ ಹೋಗುವ ಬಸ್ಸಿನಲ್ಲಿ ಬೆಳಗ್ಗೆಯೇ ಬಂದು ಇಳಿದರೆ, ಸಾರ್ವಜನಿಕ ರಸ್ತೆಯಿಂದ ಕದಲದೆಯೇ ನೋಡುವುದಕ್ಕೆ ಬೇಕಾದಷ್ಟಿದೆ. ರಸ್ತೆ ಬಿಟ್ಟು ಒಳಗೆ ಹೋಗಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ಮುಂಚಿತವಾಗಿಯೇ ವಿಚಾರಿಸಿಕೊಳ್ಳಬೇಕು. ಇಲ್ಲಿನ ಮರಗಳು ಎತ್ತರವಾಗಿ ಬೆಳೆಯುವುದರಿಂದ ಉದ್ಯಾನದಲ್ಲಿ ಕೈಗೆಟಕುತ್ತಿದ್ದ ಎಲೆ ತಲೆಯ ಮೇಲೆ ಎಲ್ಲೋ ಇರುತ್ತದೆ. ಆಗ ನೆಲವನ್ನೇ ನೋಡಬೇಕು. ಉದುರಿದ ಎಲೆ, ಕಾಯಿಯ ಸಿಪ್ಪೆ, ಕಾಂಡದ ತೊಗಟೆ, ಬೇರಿನ ರೀತಿ ಇವುಗಳಿಂದಲೇ ಮರವನ್ನು ಊಹಿಸಬೇಕು. ಗಾಯವಾದ ಕಾಂಡದಲ್ಲಿ ಕೆಂಪು ರಸ ಹೆಪ್ಪುಗಟ್ಟಿದ್ದರೆ ರಕ್ತಮರವೋ ರಾಮಪತ್ರೆಯ ಬಳಗದ ಇನ್ನೊಂದೋ ಇರಬೇಕೆಂದು ಯೋಚಿಸುತ್ತೇನೆ. ಗಾಯ ಮೊದಲೇ ಆಗಿರಬೇಕು, ನೋಡುವ ಸಲುವಾಗಿ ನಾವು ಕತ್ತಿ ಹಾಕುವುದಲ್ಲ.

ಅದೃಷ್ಟವಿದ್ದರೆ ಸಿಂಗಳೀಕಗಳ ಗುಂಪು ಕಾಣಿಸುತ್ತದೆ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲದ ಈ ಕೋತಿಗಳು ಹೆಚ್ಚು ಹೊತ್ತು ಮರದ ಮೇಲೆಯೇ ಇದ್ದು ಕಾಡಿನ ಹಣ್ಣನ್ನು ನಂಬಿ ಬದುಕುವಂಥವು. ಘಾಟಿಯ ತಿರುವುಗಳಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು, ಚಿಪ್ಸ್ ಎಸೆಯುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ, ಕೆಲವೊಮ್ಮೆ ಹೇಳಿಯೂ ಬಿಡುತ್ತೇನೆ. ರಸ್ತೆಗೆ ಇಳಿಯುವ ಚಟ ಹತ್ತಿದ ಪ್ರಾಣಿಗೆ ವಾಹನವೇ ಯಮ.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಪೆನ್ನಿಗಿಂತ ಪೆನ್ಸಿಲ್ ಲೇಸು, ಮಳೆನೀರಿಗೆ ಶಾಯಿ ಹರಡುತ್ತದೆ. ಒಂದು ಕೈಮಸೂರ, ಒಂದು ದುರ್ಬೀನು, ಗಟ್ಟಿ ಕೊಡೆ ಸಾಕು. ಮಳೆಗಾಲದಲ್ಲಿ ಘಟ್ಟದ ಬುಡಕ್ಕೆ ಹೋಗುವವರು ಉಂಬಳಕ್ಕೆ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆಗೆ, ಹೆದರಬೇಕಿಲ್ಲ, ಕಾಲುಚೀಲಕ್ಕೆ ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿ ಸವರಿಕೊಂಡರೆ ಬಹುಮಟ್ಟಿಗೆ ದೂರವಿರುತ್ತವೆ. ಹೊಳೆಗಳಿಗೆ ಮಾತ್ರ ಹೆದರಲೇಬೇಕು. ಮೇಲೆ ಆಗುಂಬೆಯಲ್ಲಿ ಸುರಿದ ಮಳೆ ಕೆಳಗೆ ಬಿಸಿಲಿರುವಾಗಲೇ ನೀರನ್ನು ಏರಿಸಬಲ್ಲದು.

ಈಗ ಊರಿನ ನಾಗಬನವೊಂದರ ಮರಗಳ ಪಟ್ಟಿ ಮಾಡುತ್ತಿದ್ದೇನೆ. ಸುತ್ತಲಿನ ಹಲವು ಬನಗಳಲ್ಲಿ ಮರ ಹೋಗಿ ಕಾಂಕ್ರೀಟಿನ ಕಟ್ಟೆ ಬಂದಿದೆ. ಇದೊಂದು ಇನ್ನೂ ಬನವಾಗಿಯೇ ಉಳಿದಿದೆ. ಆ ಮನೆಯ ಯಜಮಾನರು, "ಮಾಷ್ಟ್ರೇ, ಒಳಗೆ ಕಾಲಿಡ್ಬೇಡಿ, ಹೊರಗಿಂದ ಎಷ್ಟು ಬೇಕಾದ್ರೂ ನೋಡಿ," ಎಂದು ಒಪ್ಪಿಗೆ ಕೊಟ್ಟರು. ಹಾಗಾಗಿ ದುರ್ಬೀನಿನಲ್ಲೇ ಕೆಲಸ ನಡೆದಿದೆ. ಹಾಲೆ, ರೆಂಜೆ, ಸುರಹೊನ್ನೆ ಇವು ಖಚಿತವಾಗಿವೆ. ಗುರುತು ಹತ್ತದೆ ಉಳಿದ ಮರಗಳ ಉದುರೆಲೆಗಳನ್ನು ಬೇಲಿಯ ಹೊರಗಿನಿಂದ ಆರಿಸಿ ಹಳೆಯ ಪತ್ರಿಕೆಯ ನಡುವೆ ಒತ್ತಿಟ್ಟಿದ್ದೇನೆ. ಸೋಮವಾರ ಪಿಲಿಕುಳಕ್ಕೆ ವಾರದ ರಜೆಯಾದ್ದರಿಂದ ಬರುವ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವನ್ನು ಸಸ್ಯವನಕ್ಕೆ ಕೊಂಡೊಯ್ದು ಹೋಲಿಸಿ ನೋಡಬೇಕು.