ಬಕೆಟ್ಟಿನಲ್ಲಿ ಗೊಬ್ಬರ: ಮೊದಲು ತರಗೆಲೆ ಕೂಡಿಡಿ

ಮನೆಯಲ್ಲಿ ಗೊಬ್ಬರ ಮಾಡಲು ಹೊರಟವರು ಮೊದಲು ಕೂಡಿಡಬೇಕಾದ್ದು ಸಿಪ್ಪೆಯನ್ನಲ್ಲ, ತರಗೆಲೆಯನ್ನು. ಸಿಪ್ಪೆ ದಿನಾ ಸಿಗುತ್ತದೆ, ಒಣ ಎಲೆಗೆ ಕಾಲ ಕಾಯಬೇಕು. ಬೆಂಗಳೂರಿನ ಸುತ್ತ ಬೇಸಿಗೆ ಶುರುವಾಗುವ ಹೊತ್ತಿಗೆ ಹೊಂಗೆ ಎಲೆ ಉದುರಿಸುತ್ತದೆ. ಆಗಲೇ ನಾಲ್ಕೈದು ಗೋಣಿಚೀಲ ತುಂಬಿ ಮಳೆ ತಾಗದ ಕಡೆ ಇಟ್ಟುಕೊಂಡರೆ ಜುಲೈನಲ್ಲಿ ಪರದಾಡಬೇಕಿಲ್ಲ. ಮಾವು, ಹಲಸಿನ ಎಲೆಯೂ ಆದೀತು, ಆದರೆ ಹಿಸುಕಿ ಪುಡಿ ಮಾಡಿಯೇ ಹಾಕಬೇಕು. ಇಡೀ ಎಲೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ.

20 ಲೀಟರಿನ ಹಳೇ ಪೇಂಟ್ ಬಕೆಟ್ಟುಗಳು ಸಾಕು. ತುಂಬಿದ ಬಕೆಟ್ ಮಾಗಲು ಎರಡು ತಿಂಗಳು ಹಿಡಿಯುವುದರಿಂದ ಮೂರನ್ನು ಸರದಿಯಲ್ಲಿ ಇಟ್ಟುಕೊಳ್ಳಿ. ತಳಕ್ಕೆ ಎಂಟು ಹತ್ತು ತೂತು, ಸುತ್ತಲೂ ನಾಲ್ಕು ಬೆರಳಿಗೊಂದು. ಎರಡು ಇಟ್ಟಿಗೆ ಮೇಲೆ ಕೂರಿಸಿ ಕೆಳಗೊಂದು ತಟ್ಟೆ ಇಡಿ. ಮೊದಲು ಮೂರು ಇಂಚು ಎಲೆ, ಆಮೇಲೆ ಒಂದು ಬಟ್ಟಲು ಹೆಚ್ಚಿದ ಸಿಪ್ಪೆಗೆ ಎರಡು ಬಟ್ಟಲು ಎಲೆಪುಡಿ. ಕಲ್ಲಂಗಡಿ, ಸೌತೆ ಸಿಪ್ಪೆಯಿದ್ದ ದಿನ ಮೂರು. ವಾರಕ್ಕೊಮ್ಮೆ ಒಂದು ಹಿಡಿ ಹಳೇ ಗೊಬ್ಬರ, ಅದಿಲ್ಲದಿದ್ದರೆ ಅರ್ಧ ಲೋಟ ಹುಳಿ ಮಜ್ಜಿಗೆ. ಕಾಫಿ ಚರಟ ಧಾರಾಳವಾಗಿ ಹಾಕಿ. ಎಣ್ಣೆಯ ಪಲ್ಯ, ಮಾಂಸ, ಮೀನು ಬೇಡ. ವಾರಕ್ಕೆರಡು ಸಲ ತಳದಿಂದ ಕೆದಕಿ.

ನೀರಿನ ಹದ ನೋಡುವುದು ಕೈಯಲ್ಲಿ. ಒಂದು ಮುಷ್ಟಿ ಹಿಂಡಿದಾಗ ಬೆರಳ ಸಂದಿನಲ್ಲಿ ಒಂದೆರಡು ಹನಿ ಜಿನುಗಬೇಕು, ಅಷ್ಟೇ. ಸುರಿದರೆ ಒಳಗೆ ಗಾಳಿಯಾಡುವುದಿಲ್ಲ, ಕೊಳೆತ ಮೊಟ್ಟೆಯ ನಾತ ಏಳುತ್ತದೆ. ಮೂಗಿಗೆ ಚುಚ್ಚುವ ಘಾಟು ಬಂದರೆ ಗಿಡಕ್ಕೆ ಸಿಗಬೇಕಿದ್ದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತಿದೆ ಎಂದರ್ಥ. ಎರಡಕ್ಕೂ ಮದ್ದು ಒಂದೇ: ಇನ್ನಷ್ಟು ಎಲೆ ಬೆರೆಸಿ ಕೆದಕುವುದು. ವಾಸನೆ ಕಳೆಯಲೆಂದು ಸುಣ್ಣ ಎರಚುವವರಿದ್ದಾರೆ. ಅದರಿಂದ ಅಮೋನಿಯಾ ಇನ್ನೂ ಬೇಗ ಹೋಗುತ್ತದೆ. ಇರುವೆ ಮುತ್ತಿದರೆ ಒಣಗಿದೆ, ನೀರು ಚಿಮುಕಿಸಿ. ಬೂದುಬಣ್ಣದ ದಪ್ಪ ಹುಳು ಕಂಡು ಗಾಬರಿಯಾಗಿ ಬಕೆಟ್ ಖಾಲಿ ಮಾಡಬೇಡಿ. ಅವು ಸೈನಿಕ ನೊಣದ ಮರಿಗಳು, ನಿಮ್ಮ ಕೆಲಸವನ್ನೇ ಮಾಡುತ್ತಿರುತ್ತವೆ.

ದೊಡ್ಡ ರಾಶಿ 55 ಡಿಗ್ರಿ ದಾಟಿ ಕಾಯುವುದರಿಂದ ಬೀಜ, ರೋಗಾಣು ಬಹುಪಾಲು ಸಾಯುತ್ತವೆ. ಬಕೆಟ್ಟಿಗೆ ಆ ಕಾವು ಬರುವುದು ಕಷ್ಟ. ಹಾಗಾಗಿ ಬದನೆ ಕುಂಡದಲ್ಲಿ ಟೊಮೇಟೊ ಸಸಿ ಎದ್ದರೆ ಆಶ್ಚರ್ಯವಿಲ್ಲ. ಮುದುರು ರೋಗದ ಮೆಣಸಿನ ಗಿಡ, ಬಾಡಿ ಸತ್ತ ಟೊಮೇಟೊ ಬೇರು ಮಾತ್ರ ಒಳಗೆ ಹೋಗಕೂಡದು.

ಕಪ್ಪಾಗಿ, ಉದುರುದುರಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದಾಗ ಜರಡಿ ಹಿಡಿಯಿರಿ. ಅರ್ಧಂಬರ್ಧ ಕಳಿತದ್ದನ್ನು ಹಾಕಿದರೆ ಅದನ್ನು ಕರಗಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡದ ಎಲೆ ಹಳದಿಯಾಗುತ್ತದೆ.

ಹೊಸ ಕುಂಡಕ್ಕೆ ಎರಡು ಪಾಲು ಮಣ್ಣು, ಒಂದು ಪಾಲು ಗೊಬ್ಬರ. ಆಮೇಲೆ 12 ಇಂಚಿನ ಕುಂಡಕ್ಕೆ ತಿಂಗಳಿಗೆ ಎರಡು ಹಿಡಿ. ಸೊಪ್ಪಿಗೆ ಇಷ್ಟೇ ಸಾಕು. ಕಾಯಿಗಿಡಕ್ಕೆ ಹೂ ಕಚ್ಚುವ ಮುಂಚೆ ಎರಡು ದೊಡ್ಡ ಚಮಚ ಬೇವಿನ ಹಿಂಡಿ, ಕಾಂಡದಿಂದ ನಾಲ್ಕು ಬೆರಳು ದೂರ ಕೆದಕಿ ಮುಚ್ಚಿ. ಕಡಲೆಕಾಯಿ ಹಿಂಡಿಯಲ್ಲಿ ಸಾರಜನಕ ಹೆಚ್ಚು, ಆದರೆ ಒಣಗಿದ್ದನ್ನೇ ಹಾಕಿದರೆ ರಾತ್ರಿ ಇಲಿ ಬಂದು ಕುಂಡ ತೋಡುತ್ತದೆ. 100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಸಂಜೆ ಹೊತ್ತು ಹಾಕಿ.